ಗಾಡಿಯ ವಯಸ್ಸು, ಗಾಜಿನ ವಯಸ್ಸು

ಹಳೇ ಲಾರಿಯ ಮುಂದಿನ ಗಾಜು ಒಡೆದರೆ ಹೊಸದು ಹಾಕಿಸಬೇಕು, ಇದರಲ್ಲಿ ಅಭಿಪ್ರಾಯ ಅಂತ ಹೇಳುವಂಥದ್ದು ಏನಿದೆ ಎಂದು ನಮ್ಮ ಬಳಗದ ಗೆಳೆಯರೊಬ್ಬರು ಕೇಳಿದರು. ಅವರು ಕವಿತೆ ಬರೆಯುವವರು. ಒಡೆದ ಕನ್ನಡಿಯ ಮೇಲೆ ಈಗಾಗಲೇ ನಾಲ್ಕು ಕವಿತೆ ಬರೆದಿದ್ದಾರೆ, ಒಡೆದ ಗಾಜಿನ ಮೇಲೆ ಒಂದು ಲೇಖನ ಅವರಿಗೆ ಹೆಚ್ಚಾಯಿತು! ಇರಲಿ. ಅಭಿಪ್ರಾಯ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಲಾರಿಗೆ ಇವತ್ತು ಗಾಜು ಕೂಡಿಸುವಾಗ ಲಾರಿ ಹುಟ್ಟಿದ ವರ್ಷ ನೋಡಬಾರದು, ಗಾಜು ಹುಟ್ಟಿದ ವರ್ಷ ನೋಡಬೇಕು. ಕಾಯಿದೆಯೂ ಹಾಗೆ ನೋಡಬೇಕು, ಮಾಲಿಕರೂ ಹಾಗೆ ನೋಡಬೇಕು. ಈಗ ಇಬ್ಬರೂ ನೋಡುತ್ತಿಲ್ಲ, ಅದರ ಬೆಲೆಯನ್ನು ಸ್ಟೇರಿಂಗ್ ಹಿಡಿದು ಕೂತವನು ಕೊಡುತ್ತಿದ್ದಾನೆ.

ಹಳೇ ಲಾರಿ ಎಂದರೆ ನನಗೆ ಟಾಟಾ 1210. ಟೆಲ್ಕೋ ಕಂಪನಿಯವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಕೂಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದರು. ಆ ಒಪ್ಪಂದ 1969ರಲ್ಲಿ ಮುಗಿದ ಮೇಲೆ ಲಾರಿಯ ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. 1210 ಎನ್ನುವುದು ಸುಮ್ಮನೆ ಇಟ್ಟ ನಂಬರ್ ಅಲ್ಲ: ಒಟ್ಟು ತೂಕ ಹನ್ನೆರಡು ಟನ್, ಎಂಜಿನ್ನಿನ ಶಕ್ತಿ ಸುಮಾರು ನೂರು ಅಶ್ವಶಕ್ತಿ ಎಂಬ ಲೆಕ್ಕ ಅದರೊಳಗೇ ಇದೆ. ಆಗ ಬಹಳಷ್ಟು ಲಾರಿಗಳನ್ನು ಕಂಪನಿಯಿಂದ ಬರೀ ಚಾಸಿಸು ಮತ್ತು ಮೂತಿ ಮಾತ್ರ ತರುತ್ತಿದ್ದರು. ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲಾ ಕಟ್ಟುವವರು ಊರೂರಿನ ಬಾಡಿ ಬಿಲ್ಡರುಗಳು. ಕಟ್ಟಿಗೆ ಚೌಕಟ್ಟು, ಮೇಲೆ ತಗಡು. ಮುಂದಿನ ಗಾಜೆಂದರೆ ಬಾಗಿಲ್ಲದ ಎರಡು ಸಪಾಟು ತುಂಡು, ನಡುವೆ ಒಂದು ಕಂಬಿ. ಈ ‘ಸಪಾಟು’ ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನ್ನ ವಾದವೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಇಂಥ ಲಾರಿಗಳು ಈಗ ಎಲ್ಲಿವೆ? ದೂರದ ಓಟಕ್ಕೆ ಆಗದ ಗಾಡಿ ಊರ ಸುತ್ತಲಿನ ಸಣ್ಣ ಓಟಕ್ಕೆ ಇಳಿಯುತ್ತದೆ. ಇಟ್ಟಿಗೆ ಭಟ್ಟಿ, ಮರಳು ಅಡ್ಡೆ, ಮತ್ತು ನಮ್ಮ ಪುಣೆಯಲ್ಲಿ ನೀರಿನ ಟ್ಯಾಂಕರು. ಹೊರವಲಯದ ಎಷ್ಟೋ ದೊಡ್ಡ ದೊಡ್ಡ ಸೊಸೈಟಿಗಳು ಬೇಸಿಗೆಯಲ್ಲಿ ಬದುಕುವುದು ಈ ಮುದಿ ಗಾಡಿಗಳ ಬೆನ್ನ ಮೇಲೆ. ಹನ್ನೆರಡನೇ ಮಹಡಿಯ ನಲ್ಲಿ ತಿರುಗಿಸುವವರಿಗೆ ಅದು ಗೊತ್ತಿರುವುದಿಲ್ಲ, ಗೊತ್ತಿರಬೇಕು ಅಂತಲೂ ನಾನು ಹೇಳುತ್ತಿಲ್ಲ.

ಹಳೆಯ ಗಾಡಿಗಳ ಮೇಲೆ ಸರ್ಕಾರಕ್ಕೆ ಪ್ರೀತಿಯೇ ಇಲ್ಲ ಎಂದಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಇಪ್ಪತ್ತು ಸಾವಿರ ರೂಪಾಯಿ ಕೊಟ್ಟರೆ ನಂಬರಿನಲ್ಲಿ ‘ವಿಎ’ ಎಂಬ ಗೌರವದ ಅಕ್ಷರಗಳು ಸಿಗುತ್ತವೆ. ಆದರೆ ಯಾವ ಗಾಡಿಗೆ? ಎರಡು ಚಕ್ರದ್ದಕ್ಕೆ, ನಾಲ್ಕು ಚಕ್ರದ ಖಾಸಗಿ ಕಾರಿಗೆ. ದಿನನಿತ್ಯದ ಓಡಾಟಕ್ಕೂ ದುಡಿಮೆಗೂ ಅದನ್ನು ಬಳಸಕೂಡದು. ಆರು ಚಕ್ರದ ದುಡಿಯುವ ಲಾರಿ ಈ ಪಂಕ್ತಿಯಲ್ಲಿ ಇಲ್ಲ. ದುಡಿಯದೆ ನಿಂತ ಮುದುಕನಿಗೆ ಪಟ್ಟ, ದುಡಿಯುವ ಮುದುಕನಿಗೆ ವರ್ಷಾ ವರ್ಷಾ ಫಿಟ್ನೆಸ್ ಪರೀಕ್ಷೆ. ಇದಕ್ಕೆ ನನ್ನ ತಕರಾರು ಅಷ್ಟೇನಿಲ್ಲ, ಪಟ್ಟ ಬೇಡ. ಪರೀಕ್ಷೆ ಮಾತ್ರ ಸರಿಯಾಗಿ ಮಾಡಲಿ.

ಪರೀಕ್ಷೆಯಲ್ಲಿ ಗಾಜಿನ ವಿಷಯ ಏನಿದೆ ಎಂದು ನೋಡೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನೂರನೆಯ ನಿಯಮ ಗಾಜಿನದು. ಎಲ್ಲಾ ಗಾಡಿಗೂ ಸುರಕ್ಷಾ ಗಾಜು, ಅಂದರೆ ಸೇಫ್ಟಿ ಗ್ಲಾಸ್, ಇರಬೇಕು ಎನ್ನುತ್ತದೆ. ಇದರಲ್ಲಿ ಎರಡು ಜಾತಿ. ಒಂದು ಟಫನ್ಡ್: ಗಾಜನ್ನು ಆರುನೂರು ಡಿಗ್ರಿಗೂ ಮೇಲೆ ಕಾಯಿಸಿ ತಣ್ಣನೆಯ ಗಾಳಿ ಬಿಟ್ಟು ಒಮ್ಮೆಲೇ ಆರಿಸಿದ್ದು. ಗಟ್ಟಿ ಇರುತ್ತದೆ, ಆದರೆ ಒಡೆದರೆ ಒಂದು ಮೂಲೆ ಒಡೆಯುವುದಿಲ್ಲ, ಇಡೀ ಗಾಜು ಏಕಕಾಲಕ್ಕೆ ಸಕ್ಕರೆಯ ಹರಳಿನಂತೆ ಸಣ್ಣ ಸಣ್ಣ ಚೂರಾಗುತ್ತದೆ. ಇನ್ನೊಂದು ಲ್ಯಾಮಿನೇಟೆಡ್: ಎರಡು ತೆಳು ಗಾಜಿನ ನಡುವೆ ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಪ್ಲಾಸ್ಟಿಕ್ ಪೊರೆ. ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಎಂಬವರು 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಲ್ಲು ಬಡಿದರೆ ಬಡಿದ ಜಾಗದಲ್ಲಿ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ, ಚೂರು ಪೊರೆಗೆ ಕಚ್ಚಿಕೊಂಡೇ ಇರುತ್ತದೆ, ಉಳಿದ ಕಡೆಯಿಂದ ರಸ್ತೆ ಕಾಣುತ್ತದೆ. ಈ ಎರಡೂ ಅಲ್ಲದ್ದು ಮೂರನೆಯದು, ಮನೆಯ ಕಿಟಕಿಗೆ, ಕಪಾಟಿಗೆ ಹಾಕುವ ಸಾದಾ ಗಾಜು. ಅದು ಒಡೆದರೆ ಉದ್ದುದ್ದ ಚೂರಿಗಳಾಗಿಯೇ ಬೀಳುತ್ತದೆ. ಅದನ್ನು ಲಾರಿಯ ಮುಂದೆ ಹಾಕುವುದು ಕಾಯಿದೆಗೆ ವಿರುದ್ಧ. ಹಾಕುವವರು ಹಾಕುತ್ತಲೇ ಇದ್ದಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. 1993ರ ತಿದ್ದುಪಡಿ ಬಂದು ಮೂರು ವರ್ಷದ ಬಳಿಕ ತಯಾರಾಗುವ ಗಾಡಿಗಳಿಗೆ ಮುಂದಿನ ಗಾಜು ಲ್ಯಾಮಿನೇಟೆಡ್ಡೇ ಆಗಿರಬೇಕು ಎಂದು ಆಯಿತು. ಒಳ್ಳೆಯದೇ. ಆದರೆ ಅದಕ್ಕಿಂತ ಮುಂಚೆ ತಯಾರಾದ ಗಾಡಿಗೆ? ಅದಕ್ಕೆ ಸುರಕ್ಷಾ ಗಾಜು ಎಂಬ ಸಾಮಾನ್ಯ ಮಾತಷ್ಟೇ. ಅಂದರೆ 1985ರ ಲಾರಿಗೆ ಇವತ್ತು, ಈ ವಾರ, ಹೊಚ್ಚ ಹೊಸ ಗಾಜು ಕೊಂಡು ಹಾಕುವಾಗಲೂ ಟಫನ್ಡ್ ಹಾಕಿ ಪಾರಾಗಬಹುದು. ಗಾಡಿ ಹಳೆಯದು ಸರಿ, ಗಾಜು ಹಳೆಯದೇ? ಟಾಯರನ್ನು ಯಾರಾದರೂ ಹೀಗೆ ಯೋಚಿಸಿ ಕೊಳ್ಳುತ್ತಾರೆಯೇ? ಇದೇ ರೀತಿ 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಏರ್‌ಕಂಡೀಷನ್ ಕಡ್ಡಾಯವಾಗಿದೆ. ಹಳೆಯ ಲಾರಿಗೆ ಏಸಿ ಕೂಡಿಸಿ ಎಂದು ನಾನೂ ಹೇಳುವುದಿಲ್ಲ, ಅದು ಆಗುವ ಮಾತಲ್ಲ. ಆಗುವುದೂ ಆಗದ್ದೂ ಎರಡನ್ನೂ ಒಂದೇ ತಾರೀಖಿನಿಂದ ಅಳೆಯುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಇದೆಲ್ಲಾ ನನಗೆ ಹೇಗೆ ಗೊತ್ತು ಎಂದು ಕೇಳಬಹುದು. ಕಾಲೇಜು ಮುಗಿದ ಮೇಲೆ ಸಂಜೆ ಒಬ್ಬ ಟ್ಯಾಂಕರ್ ಮಾಲಿಕರ ಕಡೆ ಲೆಕ್ಕ ಬರೆಯಲು ಹೋಗುತ್ತೇನೆ. ಅಲ್ಲಿರುವ ನಾಲ್ಕು ಗಾಡಿಗಳಲ್ಲಿ ಒಂದು 1210. ಅದರ ಡ್ರೈವರು ನಮ್ಮ ಇಂಡಿ ತಾಲೂಕಿನ ಕಡೆಯವರು, ನಾನು ಅವರಿಗೆ ಮಾಮಾ ಅನ್ನುತ್ತೇನೆ. ಹೋದ ಏಪ್ರಿಲ್ಲಿನಲ್ಲಿ ಮೋಶಿಯ ಕಲ್ಲು ಕ್ವಾರಿಗಳ ಕಡೆಯ ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಡಂಪರಿನಿಂದ ಒಂದು ಕಲ್ಲು ಹಾರಿ ಬಂತು. ಗಾಜು ಟಫನ್ಡ್. ಹಿಂದೆ ಏಳು ಸಾವಿರ ಲೀಟರ್ ನೀರು. ಮಾಮಾನ ಮಾತಿನಲ್ಲೇ ಹೇಳುತ್ತೇನೆ:

“ಕಲ್ಲ ಬಿದ್ದದ್ದು ಕಾಣಲೇ ಇಲ್ಲೋ ತಮ್ಮಾ. ಟಪ್ ಅಂತು, ಅಷ್ಟ. ಮುಂದ ಎಲ್ಲಾ ಬೆಳ್ಳಗ ಆತು, ಹಾಲ ಚೆಲ್ಲಿದಂಗ. ಬ್ರೇಕ್ ಒಮ್ಮೆಲೇ ಒತ್ತಿದರ ನೀರು ದೂಕತೈತಿ. ಬಾಜೂ ಕಿಡಕಿಯಾಗಿಂದ ಮಾರಿ ಹೊರಗ ಹಾಕಿ ರಸ್ತೆ ನೋಡಕೋತ ನಿಧಾನಕ ಬದಿಗೆ ಹಚ್ಚಿದೆ. ಹಿಂದ ಬರಾಂವ ಹಾರ್ನ್ ಹೊಡಿಯಾಕತ್ತಿದ್ದ.”

ಹಾಗೆ ಬದಿಗೆ ಹಚ್ಚಿದ್ದು ಅವರ ಮೂವತ್ತು ವರ್ಷದ ಕೈ. ಹೊಸಬ ಹುಡುಗನಾಗಿದ್ದರೆ ಏನಾಗುತ್ತಿತ್ತು ಎಂದು ನಾನು ಬರೆಯುವುದಿಲ್ಲ. ಆದರೆ ಬಳಿಕ ಆದದ್ದನ್ನು ಬರೆಯಲೇಬೇಕು. ಮರುದಿನ ಕಚ್ಚಾ ಪುಸ್ತಕದಲ್ಲಿ ‘ಕಾಚ್ ಖರ್ಚು, ಡ್ರೈವರ್ ಖಾತೆ’ ಎಂದು ಶೇಠರ ಅಕ್ಷರದಲ್ಲಿ ಒಂದು ಸಾಲು ಇತ್ತು. ಕಲ್ಲು ಡಂಪರಿನದು, ಗಾಡಿ ಶೇಠರದು, ಕಡಿತ ಮಾತ್ರ ಮಾಮಾನ ಪಗಾರದಲ್ಲಿ! ಇದು ಇವರೊಬ್ಬರ ಪದ್ಧತಿಯಲ್ಲ, ಆ ಸಾಲಿನ ಗ್ಯಾರೇಜುಗಳಲ್ಲಿ ಯಾರನ್ನು ಕೇಳಿದರೂ “ಹಂಗೇ ನಡೀತದ” ಅನ್ನುತ್ತಾರೆ. ವಾಣಿಜ್ಯ ಕಾನೂನು ಓದುವಾಗ 1936ರ ವೇತನ ಪಾವತಿ ಕಾಯಿದೆ ಬರುತ್ತದೆ. ನಷ್ಟಕ್ಕಾಗಿ ಪಗಾರ ಹಿಡಿಯಬೇಕಾದರೆ ಆ ನಷ್ಟ ನೌಕರನ ಅಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕು, ಹಿಡಿಯುವ ಮುಂಚೆ ಅವನ ಮಾತು ಕೇಳಬೇಕು ಎಂದು ಅದರಲ್ಲಿತ್ತು. ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದು 2025ರ ನವೆಂಬರಿನಲ್ಲಿ ಜಾರಿಯಾಗಿದೆ, ಅಲಕ್ಷ್ಯದ ಶರತ್ತು ಅದರಲ್ಲೂ ಉಳಿದಿದೆ. ಇದನ್ನು ಶೇಠರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ಕ್ಯಾಲ್ಕುಲೇಟರ್ ನೋಡುತ್ತಾ ಕೂತು, ಅರ್ಧ ನಂದು ಅರ್ಧ ಅವನದು ಎಂದರು. ಮಾಮಾ ಒಪ್ಪಿಕೊಂಡುಬಿಟ್ಟರು. ನನಗೆ ಈಗಲೂ ಒಪ್ಪಿಗೆಯಿಲ್ಲ.

ಹಾಗಾದರೆ ಯಾವ ಗಾಜು ಹಾಕಿಸುವುದು? ಶೇಠರ ಮೊದಲ ವಿಚಾರ ಪ್ಲೈವುಡ್ ಅಂಗಡಿಯ ಸಾದಾ ಗಾಜು. “ಹಳೇ ಗಾಡಿ, ಎಷ್ಟು ದಿನ ಓಡೀತು?” ಎರಡನೆಯದು, ಹಿಂದಿನಂತೆ ಟಫನ್ಡ್. ಆದರೆ ಟಫನ್ಡ್ ಗಾಜನ್ನು ಒಮ್ಮೆ ಕಾಯಿಸಿ ಆರಿಸಿದ ಮೇಲೆ ಕೊಯ್ಯಲು ಬರುವುದಿಲ್ಲ, ಕೊಯ್ಯಲು ಹೋದರೆ ಪುಡಿ ಪುಡಿ. ಅಳತೆಗೆ ಮೊದಲೇ ಕೊಯ್ದು ಕುಲುಮೆಗೆ ಕಳಿಸಿ ತರಿಸಬೇಕು. ಯಾವುದೋ ಬಾಡಿ ಬಿಲ್ಡರ್ ತನ್ನ ಕೈಯಳತೆಯಲ್ಲಿ ಕಟ್ಟಿದ ಕ್ಯಾಬಿನ್ನಿಗೆ ಸಿದ್ಧ ಅಳತೆಯ ಗಾಜು ಯಾವ ಅಂಗಡಿಯಲ್ಲೂ ಇರುವುದಿಲ್ಲ. ಲ್ಯಾಮಿನೇಟೆಡ್ ಹಾಗಲ್ಲ. ಹೊಸ ಲಾರಿಯ ದೊಡ್ಡ ಬಾಗಿದ ಗಾಜಾದರೆ ಕಂಪನಿಯಿಂದಲೇ ತರಬೇಕು, ಸಪಾಟು ಗಾಜಾದರೆ ಊರಿನ ಗಾಜಿನಂಗಡಿಯಲ್ಲೇ ಹಾಳೆಯಿಂದ ಕೊಯ್ದು ಕೊಡುತ್ತಾರೆ. ನಾನು ಮುಂದೆ ನಿಂತು ನೋಡಿದ್ದೇನೆ. ಒಂದು ಮಗ್ಗುಲಿಗೆ ವಜ್ರದ ಕಡ್ಡಿಯಿಂದ ಗೀರು, ಹೊರಳಿಸಿ ಅದೇ ಗೆರೆಯ ಮೇಲೆ ಇನ್ನೊಂದು ಮಗ್ಗುಲಿಗೆ ಗೀರು. ಮೆಲ್ಲಗೆ ತಟ್ಟಿ ಎರಡೂ ಕಡೆ ಬಿರುಕು ಓಡಿಸುತ್ತಾರೆ. ಗಾಜು ತುಂಡಾದರೂ ನಡುವಿನ ಪೊರೆ ಬಿಡುವುದಿಲ್ಲ. ಆಗ ಆ ಗೆರೆಗುಂಟ ಸ್ಪಿರಿಟ್ ಸುರಿದು ಕಡ್ಡಿ ಗೀರುತ್ತಾರೆ. ನೀಲಿ ಉರಿ ಗೆರೆಯ ಉದ್ದಕ್ಕೂ ಓಡುತ್ತದೆ, ಪೊರೆ ಮೆತ್ತಗಾಗುತ್ತದೆ, ಬ್ಲೇಡು ಎಳೆದರೆ ಕೊಯ್ದು ಬರುತ್ತದೆ. ಒಂದು ಚಹಾ ಕುಡಿಯುವಷ್ಟು ಹೊತ್ತು, ಅಷ್ಟೇ.

ಅಂದರೆ ಗಾಡಿ ಹಳೆಯದಾಗಿರುವುದೇ ಇಲ್ಲಿ ಅನುಕೂಲ! ಹಳೇ ಗಾಡಿಗೆ ಒಳ್ಳೇ ಗಾಜು ಎಲ್ಲಿ ಸಿಗುತ್ತದೆ ಎನ್ನುವವರಿಗೆ ಇದೇ ಉತ್ತರ. ಇನ್ನು ಬೆಲೆ. ಸಾದಾ ಗಾಜಿಗೂ ಲ್ಯಾಮಿನೇಟೆಡ್ಡಿಗೂ ಒಂದು ತುಂಡಿನ ಮೇಲೆ ಬಿದ್ದ ವ್ಯತ್ಯಾಸ ಬೇಸಿಗೆಯಲ್ಲಿ ಶೇಠರು ಮಾರುವ ಒಂದು ಟ್ಯಾಂಕರ್ ನೀರಿನ ಬೆಲೆಗಿಂತ ಕಡಿಮೆ. ಬಿಲ್ಲು ನಾನೇ ಫೈಲಿಗೆ ಹಾಕಿದ್ದು.

ಕೂಡಿಸುವ ಕೆಲಸದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಒಳ್ಳೆಯ ಗಾಜು ತಂದು ಕೆಟ್ಟದಾಗಿ ಕೂಡಿಸಿ “ನೋಡ್ರಿ, ದುಬಾರೀದೂ ಒಡೀತು” ಎನ್ನುವ ಮಾಲಿಕರಿದ್ದಾರೆ. ಕೆಲಸ ಗಾಜಿನಿಂದಲ್ಲ, ಚೌಕಟ್ಟಿನಿಂದ ಶುರುವಾಗುತ್ತದೆ. ಹಳೆಯ ರಬ್ಬರ್ ಬೀಡಿಂಗು ಬಿಸಿಲಿಗೆ ಒಣಗಿ ಕಲ್ಲಾಗಿರುತ್ತದೆ, ಅದನ್ನು ಎಳೆಯದೆ ಚಾಕುವಿನಿಂದ ಕೊಯ್ದೇ ತೆಗೆಯಬೇಕು. ತೆಗೆದ ಮೇಲೆ ಕೆಳಗಿನ ಎರಡು ಮೂಲೆ ನೋಡಿ: ಮಳೆನೀರು ನಿಂತು ನಿಂತು ತುಕ್ಕು ಹಕ್ಕಳೆ ಕಟ್ಟಿರುತ್ತದೆ. ಅದನ್ನು ಕೆರೆದು, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಬಣ್ಣ ಕೊಟ್ಟು ಪೂರಾ ಒಣಗಿಸಬೇಕು. ಅವಸರದವರು ಬಿಡುವುದು ಇದನ್ನೇ. ತುಕ್ಕಿನ ಒಂದು ಗಂಟು ಉಳಿದರೂ ಗಾಜಿನ ಅಂಚಿಗೆ ಆ ಒಂದೇ ಜಾಗದಲ್ಲಿ ಒತ್ತಡ ಬಿದ್ದು, ಗಾಡಿ ತಗ್ಗಿಗೆ ಇಳಿದ ದಿನ ಕಲ್ಲಿಲ್ಲದೆಯೇ ಬಿರುಕು ಬಿಡುತ್ತದೆ.

ಆಮೇಲೆ ಅಳತೆ. ಹಳೇ ಕ್ಯಾಬಿನ್ನು ಚೌಕ ಇರುವುದಿಲ್ಲ, ಮೂವತ್ತು ನಲವತ್ತು ವರ್ಷ ಕುಣಿದು ಒಂದು ಕಡೆ ವಾಲಿರುತ್ತದೆ. ಉದ್ದ ಅಗಲ ಹಿಡಿದರೆ ಸಾಲದು, ಮೂಲೆಯಿಂದ ಮೂಲೆಗೂ ಹಿಡಿಯಬೇಕು. ಎಲ್ಲಕ್ಕಿಂತ ಒಳ್ಳೆಯದು ರಟ್ಟು ಕೊಯ್ದು ಅಚ್ಚು ಮಾಡಿಕೊಂಡು ಅಂಗಡಿಗೆ ಒಯ್ಯುವುದು. ರಬ್ಬರಿಗೆ ಜಾಗ ಬೇಕಲ್ಲ, ಅದಕ್ಕೆ ಗಾಜು ಸುತ್ತಲೂ ಕೆಲವು ಮಿಲಿಮೀಟರ್ ಚಿಕ್ಕದಿರಬೇಕು. ರಬ್ಬರನ್ನು ಮಾತ್ರ ಅಳತೆಗಿಂತ ತುಸು ಉದ್ದ ಕೊಯ್ಯಬೇಕು, ಅದು ಆಮೇಲೆ ಕುಗ್ಗುತ್ತದೆ. ರಬ್ಬರಿಗೆ ಎರಡು ಗಾಡಿ ಇರುತ್ತವೆ (ಓಡುವ ಗಾಡಿಯಲ್ಲ, ಸೀಳು ಎಂಬ ಅರ್ಥದಲ್ಲಿ ಗ್ಯಾರೇಜಿನ ಮಾತು), ಒಂದರಲ್ಲಿ ಗಾಜು ಕೂಡುತ್ತದೆ, ಇನ್ನೊಂದರಲ್ಲಿ ಚೌಕಟ್ಟಿನ ತಗಡು. ಗಾಜಿಗೆ ರಬ್ಬರು ತೊಡಿಸಿ, ತಗಡಿನ ಸೀಳಿನೊಳಗೆ ಸುತ್ತಲೂ ಒಂದು ನೈಲಾನ್ ಹುರಿ ಹಾಕಿ, ಅದರ ಎರಡು ತುದಿಯನ್ನು ಕೆಳಗೆ ನಟ್ಟನಡುವೆ ಒಂದರ ಮೇಲೊಂದು ದಾಟಿಸಿ ಕ್ಯಾಬಿನ್ನಿನ ಒಳಗೆ ಇಳಿಬಿಡುತ್ತಾರೆ. ಸಾಬೂನು ನೀರು ಹಚ್ಚುತ್ತಾರೆ; ಸೀಮೆಎಣ್ಣೆ, ಗ್ರೀಸು ಹಚ್ಚಬಾರದು, ರಬ್ಬರು ಉಬ್ಬಿ ಹಾಳಾಗುತ್ತದೆ. ಹೊರಗೊಬ್ಬರು ಅಂಗೈಯಿಂದ ಗಾಜನ್ನು ಒತ್ತಿ ಹಿಡಿಯಬೇಕು, ಒಳಗೊಬ್ಬರು ಹುರಿ ಎಳೆಯುತ್ತಾ ಹೋಗಬೇಕು. ಹುರಿ ಹೊರಬರುತ್ತಾ ರಬ್ಬರಿನ ತುಟಿಯನ್ನು ತಗಡಿನ ಮೇಲೆ ಎತ್ತಿ ಕೂಡಿಸುತ್ತದೆ. ಎಂಥ ಸರಳ ಯುಕ್ತಿ! ಗುದ್ದುವ ಕೆಲಸ ಒಂದೂ ಇಲ್ಲ. ಗ್ಯಾರೇಜಿನ ಚಾಚಾ ಹೊರಗೆ ಒತ್ತಿದರು, ಮಾಮಾ ಒಳಗೆ ಎಳೆದರು. ಒಬ್ಬರದು ಉರ್ದು, ಒಬ್ಬರದು ನಮ್ಮ ಕಡೆಯ ಕನ್ನಡ. “ಆಹಿಸ್ತಾ”, “ನಿಧಾನ್ರೀ” ಎಂಬ ಎರಡು ಮಾತಿನಲ್ಲೇ ಕೆಲಸ ಮುಗಿಯಿತು.

ಇನ್ನು ನನ್ನ ಶಾಸ್ತ್ರದ ಮಾತು. ಬಾಡಿಗೆಗೆ ಓಡುವ ಲಾರಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಉಳಿದ ಬೆಲೆಯ ಮೇಲೆ ವರ್ಷಕ್ಕೆ ಶೇಕಡಾ 30 ಸವಕಳಿ. ಕೊಂಡಾಗ 100 ರೂಪಾಯಿ ಎಂದಿಟ್ಟುಕೊಂಡರೆ ಹತ್ತು ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು 2 ರೂಪಾಯಿ 82 ಪೈಸೆ. ನಲವತ್ತು ವರ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕಲು ಪೈಸೆಯ ಕೆಳಗಿನ ನಾಣ್ಯ ಬೇಕು. ಶೇಠರ ತಲೆಯಲ್ಲಿ ಇರುವುದು ಈ ಅಂಕಿ. ಬೆಲೆಯೇ ಇಲ್ಲದ ಗಾಡಿಗೆ ಬೆಲೆಯ ಗಾಜು ಯಾಕೆ? ಅದೇ ಗಾಡಿ ದಿನಕ್ಕೆ ಎಷ್ಟು ಖೇಪು ಹೊಡೆಯುತ್ತದೆ ಎಂಬುದು ಇನ್ನೊಂದು ಪುಸ್ತಕದಲ್ಲಿದೆ, ಎರಡು ಪುಸ್ತಕವನ್ನು ಅವರು ಒಟ್ಟಿಗೆ ತೆರೆಯುವುದಿಲ್ಲ. ವಿಮೆಯವರ ಪುಸ್ತಕ ಇನ್ನೂ ಮಜಾ ಇದೆ. ಪೂರ್ಣ ವಿಮೆ ಇದ್ದ ಗಾಡಿಯ ನಷ್ಟ ತುಂಬಿಕೊಡುವಾಗ ರಬ್ಬರು, ಪ್ಲಾಸ್ಟಿಕ್ಕಿಗೆ ಶೇಕಡಾ 50 ಸವಕಳಿ ಕಳೆಯುತ್ತಾರೆ, ಗಾಜಿಗೆ ಸವಕಳಿಯೇ ಇಲ್ಲ. ಅವರ ಕಣ್ಣಿನಲ್ಲಿ ಗಾಜಿಗೆ ಮುಪ್ಪಿಲ್ಲ! ಆದರೆ ವೈಪರಿನ ಗೀರು, ಧೂಳಿನ ಸಣ್ಣ ಸಣ್ಣ ಗುಳಿ ಬಿದ್ದ ಗಾಜಿನ ಮೂಲಕ ರಾತ್ರಿ ಎದುರಿನ ಲೈಟು ನೋಡಿದವರಿಗೆ ಅದರ ಮುಪ್ಪು ಗೊತ್ತು. ಅಷ್ಟಕ್ಕೂ ನಮ್ಮ ಮುದಿ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ, ಅದರಲ್ಲಿ ಸ್ವಂತ ಗಾಜಿಗೆ ಬಿಡಿಗಾಸು ಬರುವುದಿಲ್ಲ. ಆದ್ದರಿಂದಲೇ ಖರ್ಚು ಉರುಳಿ ಉರುಳಿ ಎಲ್ಲಕ್ಕಿಂತ ಕೆಳಗಿದ್ದವನ ಪಗಾರಕ್ಕೆ ಬಂದು ಬೀಳುತ್ತದೆ.

ಒಂದು ಆಕ್ಷೇಪ ಬರುತ್ತದೆ ಎಂದು ಗೊತ್ತು. ಕಾನೂನು ಓದುವ ಗೆಳೆಯರು ಈಗಾಗಲೇ ಹೇಳಿದ್ದಾರೆ: ಮುಗಿದು ಹೋದದ್ದಕ್ಕೆ ಹೊಸ ನಿಯಮ ಹಚ್ಚಬಾರದು, ಹಳೆಯ ಗಾಡಿ ಕೊಂಡವನು ಆಗಿನ ನಿಯಮ ನೋಡಿ ಕೊಂಡಿದ್ದಾನೆ. ಒಪ್ಪಿದೆ. ಗಟ್ಟಿಯಿರುವ ಹಳೆಯ ಗಾಜನ್ನು ಕಿತ್ತು ಹೊಸದು ಹಾಕಿ ಎಂದು ನಾನು ಹೇಳುತ್ತಿಲ್ಲ. ಒಡೆದ ಮೇಲೆ ಹಾಕುವ ಗಾಜು ಇವತ್ತಿನ ಅಂಗಡಿಯಿಂದ, ಇವತ್ತಿನ ದುಡ್ಡಿಗೆ ಬರುವುದು, ಅದಕ್ಕೆ ಇವತ್ತಿನ ನಿಯಮ ಹಚ್ಚಿ. ನೂರನೆಯ ನಿಯಮಕ್ಕೆ ಒಂದೇ ಒಂದು ವಾಕ್ಯ ಸೇರಿಸಿದರೆ ಸಾಕು: ಯಾವ ವರ್ಷದ ಗಾಡಿಯೇ ಆಗಲಿ, ಬದಲಾಯಿಸುವ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರತಕ್ಕದ್ದು. ಫಿಟ್ನೆಸ್ಸಿನಲ್ಲಿ ಸುರಕ್ಷಾ ಗಾಜು ನೋಡುವುದು ಹೇಗೂ ಇದೆ. ಬರೀ ಗಾಜು ಇದೆಯೋ ಇಲ್ಲವೋ ಎಂದು ನೋಡದೆ ಎಂಥದ್ದು ಎಂದೂ ನೋಡಲಿ. ಕಷ್ಟವೇನಿಲ್ಲ. ರಬ್ಬರನ್ನು ಒಂದು ಮೂಲೆಯಲ್ಲಿ ಬೆರಳಿನಿಂದ ಸರಿಸಿ ಅಂಚು ನೋಡಿದರೆ ಲ್ಯಾಮಿನೇಟೆಡ್ ಗಾಜಿನ ನಡುವೆ ಪೊರೆಯ ಗೆರೆ ಬರಿಗಣ್ಣಿಗೇ ಕಾಣುತ್ತದೆ.

ನಿಯಮ ಯಾವಾಗ ಬಂದೀತೋ. ಅಲ್ಲಿಯವರೆಗೆ ಗಾಡಿ ಇರುವ ಮನೆಗಳವರು ನಮ್ಮ ಬಳಗದಲ್ಲೇ ಇದ್ದೀರಿ. ಚೆಂಬೂರು, ಸೋಲಾಪುರದ ಕಡೆ ಟ್ರಾನ್ಸ್‌ಪೋರ್ಟ್ ನಡೆಸುವವರ ಮಕ್ಕಳೂ ಈ ಪುಟ ಓದುತ್ತೀರಿ. ಮುಂದಿನ ಸಲ ಗಾಜಿನ ಬಿಲ್ಲು ಮನೆಗೆ ಬಂದಾಗ ಎರಡು ಸಂಗತಿ ನೋಡಿ: ಅದರ ಮೇಲೆ ಲ್ಯಾಮಿನೇಟೆಡ್ ಎಂದು ಬರೆದಿದೆಯೇ, ಮತ್ತು ಅದು ಯಾರ ಖಾತೆಗೆ ಹೋಗಿದೆ. ನಮ್ಮ 1210ಕ್ಕೆ ಡ್ರೈವರ್ ಕಡೆಯ ತುಂಡು ಈಗ ಲ್ಯಾಮಿನೇಟೆಡ್. ಎಡಗಡೆಯದು ಇನ್ನೂ ಹಳೆಯ ಟಫನ್ಡ್ಡೇ, ಕ್ಲೀನರ್ ಹುಡುಗ ಕೂಡುವುದು ಅದರ ಹಿಂದೆ. ಅದು ಒಡೆದಾಗ ನೋಡೋಣ ಎಂದು ಶೇಠರು ಹೇಳಿದ್ದಾರೆ. ಉಳಿದ ಬೀಡಿಂಗ್ ರಬ್ಬರನ್ನು ಸುರುಳಿ ಸುತ್ತಿ ಆಫೀಸಿನ ಕಪಾಟಿನ ಮೇಲೆ ಇಟ್ಟಿದ್ದೇವೆ, ಬಿಸಿಲು ತಾಗದ ಕಡೆ.